ಕೈಗೆಟುಕದ ಬೆನ್ನು

ದೇವನೂರು
11ನೇ ನವೆಂಬರ್ 1921

ಅಜ್ಜಂಪುರದ ಸುಲೋಚನಮ್ಮನಿಗೆ ದೇವನೂರಿನ ಓರಗಿತ್ತಿ ಪಾಪಮ್ಮ ಹೇಳಿ ಬರೆಸಿದ್ದು.

(ಅಮ್ಮಾ, ನಾನು ಊರ ಐಗಳು ಹೊನ್ನಯ್ಯ, ಮಕ್ಕಳಿಗೆ ಅಕ್ಷರ ಕಲಿಸುವವನು. ಪಾಪಮ್ಮನವರಿಗೆ ಓದು ಬರಹ ಬಾರದು. ಈ ಊರಿಗೆ ಬರುವ ಕಾಗದ ಓದುವುದೂ ಇಲ್ಲಿಂದ ಹೋಗುವ ಕಾಗದ ಬರೆಯುವುದೂ ನನ್ನ ಪಾಲಿಗೆ ಬಂದಿದೆ. ‘ಅಂದಂಗೇ ಬರೀರಿ, ನಿಮ್ಮ ಪುಸ್ತಕದ ಮಾತು ಸೇರಿಸ್ಬ್ಯಾಡ್ರಿ’ ಎಂದಿದ್ದಾರೆ. ಅವರ ಮನೆಯ ಜಗಲಿಯ ಮೇಲೆ ಕುಳಿತು ಹಾಗೆಯೇ ಬರೆಯುತ್ತಿದ್ದೇನೆ.)

ಸುಲೋಚನಾ, ನಾವಿಬ್ರೂ ಮಾತಾಡಿ ಹದಿನಾಲ್ಕು ವರ್ಸ ಆಯ್ತು. ಮೂರು ವರ್ಸದ ಹಿಂದೆ ಆ ದೊಡ್ಡ ಜ್ವರದಾಗೆ ನಿಮ್ಮ ಭಾವ ತೀರ್ಕೊಂಡ್ರು, ಆಗ್ಲೂ ನೀನು ಬರ್ಲಿಲ್ಲ. ಯಾಕೆ ಬರ್ಲಿಲ್ಲ ಅಂತ ಈಗ ಕೇಳಾಕಿಲ್ಲ. ನಂಗೀಗ ಬೇರೆ ಚಿಂತೆ ಐತೆ.

ನನ್ನ ಮಗ ಈರಪ್ಪನ ಕೂಸು ಮರುಳಸಿದ್ದ, ನನ್ನ ಮೊಮ್ಮಗ, ಎರಡು ತುಂಬಿ ಮೂರಕ್ಕೆ ಬಿದ್ದವ್ನೆ. ದೀಪಾವಳಿಗಿಂತ ಮುಂಚೆ ಶುರುವಾದ ನವೆ ಇನ್ನೂ ನಿಂತಿಲ್ಲ. ಬೆರಳ ಸಂದೀಲಿ, ಕಂಕುಳಲ್ಲಿ, ಉಡಿದಾರದ ಸುತ್ತ ಸಾಸಿವೆ ಕಾಳಿನಂಗೆ ಗುಳ್ಳೆ. ಕೆರ್ಕೊಂಡು ಕೆರ್ಕೊಂಡು ಅಳ್ತದೆ. ನನ್ನ ಮಡ್ಲು ಬಿಟ್ಟು ಇಳ್ಯಾಕಿಲ್ಲ. ಬೇವು ಅರೆದು ಹಚ್ಚಿದ್ದಾಯ್ತು, ಹೊಂಗೆ ಎಣ್ಣೆ ಬಳಿದದ್ದಾಯ್ತು. ದನಕ್ಕೆ ಔಷ್ಧಿ ಮಾಡೋ ಕರಿಸಿದ್ದಪ್ಪ ಬಂದು, ‘ಹೊಗೆಸೊಪ್ಪು ಬೇಯ್ಸಿ ಆ ನೀರು ಬಳೀರಿ, ಹಸೀನ ಮೈಮ್ಯಾಗಿನ ಉಣ್ಣೆಹುಳ ಉದುರಾಕಿಲ್ವಾ, ಹಂಗೇ ಇದೂ’ ಅಂದ. ನನ್ನ ಸೊಸೆ ಕರಿಬಸಮ್ಮ ಒಲೆ ಮ್ಯಾಲೆ ಮಡಕೇನೂ ಇಟ್ಟಿದ್ಲು. ನಾನು ಒದ್ದುಬಿಟ್ಟೆ. ಬ್ಯಾಡ ಅಂದ್ರೆ ಬ್ಯಾಡ ಅಂದೆ.

(ಕರಿಸಿದ್ದಪ್ಪ ಇಲ್ಲೇ ಕುಳಿತಿದ್ದಾನೆ. ‘ಅಜ್ಜಿ ಒದ್ದ ರಭಸಕ್ಕೆ ನನ್ನ ಹೊಸ ಪಂಚೆ ಹೊಗೆಸೊಪ್ಪಿನ ಬಣ್ಣ ಆತು, ಅದ್ನೂ ಬರೀರಿ ಐಗ್ಳೆ’ ಎಂದ. ಬರೆದಿದ್ದೇನೆ.)

ನೀನು ತರೀಕೆರೆ ಆಸ್ಪತ್ರೇಲಿ ಕಲ್ತು ಅಜ್ಜಂಪುರದಾಗೆ ಸರ್ಕಾರಿ ಸೂಲಗಿತ್ತಿ ಆಗಿದ್ದೀಯಂತೆ. ಕೂಸುಗಳ ಕಡಿತ, ನವೆ ನಿನ್ನ ಕೈ ಸೋಕಿದ್ರೆ ವಾಸಿ ಅಂತ ಬೀರೂರು ಸಂತೇಲಿ ಹೆಂಗಸ್ರು ಅಂದ್ರು. ಏನಾದ್ರೂ ಇದ್ರೆ ಕಳಿಸು. ಕೂಸಿನ ಮುಖ ನೋಡಿ ಕಳಿಸು.

ಹೇಳಿದವರು: ಪಾಪಮ್ಮ
ಬರೆದವನು: ಹೊನ್ನಯ್ಯ


ಅಜ್ಜಂಪುರ
17ನೇ ನವೆಂಬರ್ 1921

ಅಕ್ಕನವರಿಗೆ,

ನಿಮ್ಮ ಕಾಗದ ತಲುಪಿತು. ಐಗಳು ಇದನ್ನು ಬರೆದಂತೆಯೇ ಜೋರಾಗಿ ಓದುತ್ತಾರೆಂದು ನಂಬಿದ್ದೇನೆ.

ಮಗುವಿಗೆ ಆಗಿರುವುದು ತುರಿಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ತೊಗಲಿನೊಳಗೆ ಬಿಲ ತೋಡಿಕೊಂಡು ಮೊಟ್ಟೆಯಿಡುತ್ತದೆ. ಮೈ ಬೆಚ್ಚಗಾದಷ್ಟೂ ನವೆ ಹೆಚ್ಚು, ಆದ್ದರಿಂದ ಕಂಬಳಿ ಹೊದಿಸಬೇಡಿ. ಉಗುರನ್ನು ಚಿಕ್ಕದಾಗಿ ಕತ್ತರಿಸಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ನವೆಯ ಮೇಲಿಡಿ. ಹಾಸಿಗೆ ಬಟ್ಟೆಗಳನ್ನು ಕುದಿಸಿ ಒಗೆಯಿರಿ. ಹುಳು ಸಾಯುವುದು ಇದರಿಂದಲ್ಲ. ಅದಕ್ಕೆ ಮುಲಾಮು ಬೇಕು. ಅದು ನನ್ನಲ್ಲಿದೆ. ಅರೆದು, ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಇಟ್ಟಿದ್ದೇನೆ.

ಕಳಿಸುವ ಮೊದಲು ಒಂದೇ ಮಾತು ತಿಳಿಯಬೇಕು. ಕರಿಸಿದ್ದಪ್ಪ ಬಳಿಯಿರಿ ಎಂದ, ಸೊಸೆ ಒಲೆಯ ಮೇಲೆ ಇಟ್ಟಿದ್ದಳು. ನೀವು ಆ ಮಡಕೆಯನ್ನು ಏಕೆ ಒದ್ದಿರಿ?

ಉತ್ತರಕ್ಕೆ ಕಾಯುವ
ಸುಲೋಚನಮ್ಮ


ದೇವನೂರು
26ನೇ ನವೆಂಬರ್ 1921

ಸುಲೋಚನಾ,

ಮಡಕೆ ಒದ್ದೆ, ನನ್ನ ಮನೆ ಮಡಕೆ. ವಾಸ್ನೆ ಆಗ್ಲಿಲ್ಲ, ಒದ್ದೆ. ಇದಕ್ಕೂ ಕಾರಣ ಬರೆಸ್ಬೇಕೇನೇ?

ಕೂಸಿನ ಗುಳ್ಳೆ ಈಗ ಕೀವಾಗೈತೆ. ಕೈ ಊದ್ಕೊಂಡು ಬೆರಳು ಮಡಚಾಕಾಗಲ್ಲ. ನಿನ್ನೆಯಿಂದ ಮೈ ಕಾದೈತೆ. ತುತ್ತು ಬಾಯಿಗಿಟ್ರೆ ಮುಖ ತಿರುಗಿಸ್ತದೆ. ನೀನು ಡಬ್ಬಿ ತುಂಬಿ ಇಟ್ಕೊಂಡು ಪ್ರಶ್ನೆ ಕೇಳ್ತಾ ಕುಂತಿದ್ದೀಯ. ಹಳೇದು ಕೆದಕಾಕೆ ಇದೇನೇ ಹೊತ್ತು? ನೀಲಿ ಇಚಾರ ನಾನಾಗಿ ಎತ್ತಾಕಿಲ್ಲ. ಎತ್ತಿದ್ರೆ ನಿಂಗೇ ನೋವು. ಬ್ಯಾಡ ಬ್ಯಾಡ ಅಂದ್ರೂ ಎಮ್ಮೆದೊಡ್ಡಿ ಕಾವಲಿಗೆ ಕರ್ಕೊಂಡೋದೋಳು ನೀನು. ಅಲ್ಲಿ ಗಾಳಿ ಸೋಕ್ತು, ಹೋಯ್ತು. ಅದು ಊರಿಗೇ ಗೊತ್ತು.

ಮುಲಾಮು ಕಳಿಸು.

(ಅಮ್ಮಾ, ಒಂದು ಮಾತು. ಇಷ್ಟು ಬರೆಸಿದ ಮೇಲೆ ಕರಿಬಸಮ್ಮ ಹೊಸ್ತಿಲಲ್ಲಿ ನಿಂತು ‘ನೀಲಿ ಅಂದ್ರೆ ಯಾರತ್ತೆ?’ ಎಂದಳು. ಅವಳು ಈ ಮನೆಗೆ ಬಂದು ಆರು ವರ್ಷವಾಯಿತು. ಪಾಪಮ್ಮನವರು ‘ಅದ್ನೆಲ್ಲ ಬರೀಬ್ಯಾಡ್ರಿ ಐಗ್ಳೆ’ ಎಂದರು. ಅಂದ ಹಾಗೇ ಬರೆಯಿರಿ ಎಂದು ಮೊದಲು ಹೇಳಿದವರೂ ಅವರೇ, ಆದ್ದರಿಂದ ಬರೆದೆ.)

ಹೇಳಿದವರು: ಪಾಪಮ್ಮ
ಬರೆದವನು: ಹೊನ್ನಯ್ಯ


ಅಜ್ಜಂಪುರ
29ನೇ ನವೆಂಬರ್ 1921

ಐಗಳು ಹೊನ್ನಯ್ಯನವರಿಗೆ ನಮಸ್ಕಾರ.

ಇದರ ಜೊತೆ ಎರಡು ತಗಡಿನ ಡಬ್ಬಿಗಳನ್ನು ಕಳಿಸಿದ್ದೇನೆ. ಹೇಗೆ ಹಚ್ಚಬೇಕೆಂಬುದು ಕಾಗದದ ಕೊನೆಯಲ್ಲಿದೆ. ಪಾಪಮ್ಮನವರು, ಈರಪ್ಪ, ಕರಿಬಸಮ್ಮ ಮೂವರೂ ಇರುವಾಗ, ಅವರ ಮನೆಯ ಜಗಲಿಯ ಮೇಲೆ, ಮೊದಲಿನಿಂದ ಒಂದಕ್ಷರ ಬಿಡದೆ ಓದಬೇಕು. ಮಗುವಿನ ಮೈಗೆ ಏನನ್ನು ಹಚ್ಚಬಾರದು ಎಂಬುದು ನಡುವೆ ಇದೆ. ಅದನ್ನು ಹಾರಿಸಿ ಓದಿದರೆ ಇನ್ನೊಂದು ಮಗು ಸತ್ತೀತು.

ಕರಿಬಸಮ್ಮ, ನೀಲಿ ನನ್ನ ಮಗಳು. ನನ್ನ ಯಜಮಾನರು ನಂಜುಂಡಪ್ಪ ನಿನ್ನ ಮಾವನವರ ತಮ್ಮ. ನೀಲಿ ತೊಟ್ಟಿಲಲ್ಲಿದ್ದಾಗಲೇ ಪ್ಲೇಗಿನಲ್ಲಿ ಹೋದರು. ಈಗ ನಿನ್ನ ಮಗ ಮಲಗುವ ನಡುಮನೆಯ ಕಿಟಕಿಯ ಪಕ್ಕದಲ್ಲೇ ನಾನೂ ಅವಳೂ ಮಲಗುತ್ತಿದ್ದೆವು. ಗೋಡೆಯಲ್ಲಿ ಅವಳು ಇದ್ದಿಲಿನಿಂದ ಗೀಚಿದ ಕರುವಿನ ಚಿತ್ರವೊಂದಿತ್ತು. ಸುಣ್ಣ ಬಳಿದಿರುತ್ತಾರೆ.

ಅವಳಿಗೆ ಕರುವೆಂದರೆ ಪ್ರಾಣ. ನಾಲ್ಕು ತುಂಬಿದ ವರ್ಷ, 1907ರ ಮಾರ್ಚಿನಲ್ಲಿ, ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಸರ್ಕಾರಿ ಕರುಗಳನ್ನು ತೋರಿಸಲು ಗಾಡಿಯಲ್ಲಿ ಕರೆದುಕೊಂಡು ಹೋದೆ. ಒಂದು ಕರುವಿನ ಕೊರಳು ತಬ್ಬಿಕೊಂಡು ಬಿಡಲೇ ಇಲ್ಲ. ಮಾರನೆಯ ಬೆಳಿಗ್ಗೆ ಕಿವಿಯ ಹಿಂದೆ, ಮೊಣಕಾಲಿನ ಸಂದಿಯಲ್ಲಿ, ತೊಡೆಯ ಬುಡದಲ್ಲಿ ಉಣ್ಣೆ ಕಚ್ಚಿಕೊಂಡಿದ್ದವು. ಹದಿನೇಳು. ಉಣ್ಣೆಯನ್ನು ತೊಗಲಿಗೆ ಅಂಟಿದ ಹಾಗೆ ಚಿಮಟಿಗೆಯಿಂದ ಹಿಡಿದು, ಹಿಸುಕದೆ, ನೇರವಾಗಿ ಮೆಲ್ಲಗೆ ಎಳೆಯಬೇಕು. ಆಗ ನನಗೆ ಅದು ಗೊತ್ತಿರಲಿಲ್ಲ. ಉಗುರಿನಿಂದ ಕಿತ್ತೆ. ಮೈ ಬಂತು, ಬಾಯಿ ಒಳಗೇ ಉಳಿಯಿತು. ಅವಳು ಕೆರೆದುಕೊಂಡು ಮೈಯೆಲ್ಲ ಹಸಿ ಮಾಡಿಕೊಂಡಳು. ಇದು ನನ್ನ ತಪ್ಪು. ಇದಕ್ಕೆ ಮಕ್ಕಳು ಸಾಯುವುದಿಲ್ಲ.

ಅಕ್ಕ, ಮೂರನೆಯ ದಿನ ಬೆಳಿಗ್ಗೆ ನಾನು ಬಾವಿಗೆ ಹೋಗಿ ಬಂದಾಗ ಅವಳು ಇದೇ ಜಗಲಿಯ ಮೇಲೆ ಬೆತ್ತಲೆ ಕುಳಿತಿದ್ದಳು. ಮೈಯೆಲ್ಲ ಕಂದು ಬಣ್ಣದಲ್ಲಿ ಹೊಳೆಯುತ್ತಿತ್ತು. ‘ಏನಕ್ಕ ಇದು?’ ಎಂದೆ. ‘ಹೊಂಗೆ ಎಣ್ಣೆ ಕಣೇ’ ಎಂದಿರಿ. ಹೊಗೆಸೊಪ್ಪಿನ ವಾಸನೆ ಬಂತು. ನಿಮ್ಮ ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು ಇರುತ್ತಿತ್ತು, ಅದೇ ಇರಬೇಕೆಂದುಕೊಂಡೆ.

ಒಂದು ಗಳಿಗೆಯೊಳಗೆ ಜೊಲ್ಲು ಸುರಿಯತೊಡಗಿತು. ವಾಂತಿಯಾಯಿತು. ಮುಖ ಬೂದಿಯಂತಾಗಿ ತಣ್ಣಗೆ ಬೆವೆತಳು. ಕೈಕಾಲು ಅದುರಿದವು. ನನಗೇಕೋ ಅವಳ ಮೈ ತೊಳೆಯಬೇಕೆನ್ನಿಸಿತು. ಆಗ ತಾನೇ ತಂದಿದ್ದ ಬಿಂದಿಗೆಯನ್ನು ಎತ್ತಿ ಅವಳ ತಲೆಯ ಮೇಲೆ ಬಗ್ಗಿಸಿದ್ದೆ. ನೀವು ಬಂದು ಬಿಂದಿಗೆ ಕಿತ್ತುಕೊಂಡಿರಿ. ‘ಗಾಳಿ ಸೋಕಿದ ಕೂಸಿಗೆ ನೀರು ಹಾಕ್ತಾರೇನೇ, ಕೊಂದ್ಬಿಡ್ತೀಯಾ?’ ಎಂದಿರಿ. ಆ ನೀರು ಜಗಲಿಯ ಕೆಳಗೆ ಚೆಲ್ಲಿ ಹರಿಯಿತು. ಬಿಸಿಲು ನೆತ್ತಿಗೇರುವ ಮೊದಲು ನನ್ನ ಮಗಳು ಸತ್ತಳು. ಕೊಂದವಳು ನಾನೆಂದು ನೀವು ಹೇಳಿದಿರಿ, ಭಾವ ಹೇಳಿದರು, ಊರು ಹೇಳಿತು. ನಾನೂ ಹೇಳಿಕೊಂಡೆ. ತಿಥಿ ಮುಗಿದ ಮಾರನೆಯ ದಿನ ನನ್ನಣ್ಣ ತೀರ್ಥಪ್ಪ ಬಂದು ಅಜ್ಜಂಪುರಕ್ಕೆ ಕರೆತಂದ.

ಏಳು ವರ್ಷ ಹಾಗೇ ನಂಬಿದ್ದೆ. 1914ರಲ್ಲಿ ನಾನು ತರೀಕೆರೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಗಾಡಿಯವನೊಬ್ಬ ತನ್ನ ಮಗುವನ್ನು ಹೊತ್ತು ತಂದ. ಹೊಟ್ಟೆಯ ಮೇಲಿನ ಹುಣ್ಣಿಗೆ ಹೊಗೆಸೊಪ್ಪು ಅರೆದು ಮೆತ್ತಿದ್ದ. ಅದೇ ಜೊಲ್ಲು, ಅದೇ ಬೆವರು, ಅದೇ ಬೂದಿ ಮುಖ. ಡಾಕ್ಟರು ನೋಡಿದ ತಕ್ಷಣ ‘ತೊಳೀರಿ ಮೊದಲು’ ಎಂದು ಕೂಗಿದರು. ಎರಡು ಬಕೀಟು ನೀರು ಹೊಯ್ದು ಸೋಪಿನಿಂದ ಉಜ್ಜಿದೆವು. ಸಂಜೆಗೆ ಆ ಮಗು ಕುಳಿತು ಮಂಡಕ್ಕಿ ತಿನ್ನುತ್ತಿತ್ತು.

ಎರಡು ಬಕೀಟು ನೀರು, ಅಕ್ಕ.

ಆದರೂ ನನಗೆ ಸಾಕ್ಷಿ ಇರಲಿಲ್ಲ. ಹೊಂಗೆ ಎಣ್ಣೆಯೇ ಇದ್ದಿರಬಹುದೆಂದು ನನ್ನ ಮನಸ್ಸೇ ನಿಮ್ಮ ಪರ ವಾದ ಮಾಡುತ್ತಿತ್ತು. ಈಗ ನೀವೇ ಬರೆಸಿ ಕಳಿಸಿದಿರಿ. ಹೊಗೆಸೊಪ್ಪಿನ ನೀರು ಮಗುವಿನ ಮೈಗೆ ಬಿದ್ದರೆ ಏನಾಗುತ್ತದೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನಿಮ್ಮ ಮೊಮ್ಮಗನ ಸರದಿ ಬಂದಾಗ ಮಡಕೆ ಒದ್ದಿರಿ.

ಈರಪ್ಪ, ಕರಿಬಸಮ್ಮ, ನಿಮ್ಮ ಮಗುವಿನ ಔಷಧಿಯನ್ನು ಹನ್ನೆರಡು ದಿನ ನಾನು ಹಿಡಿದಿಟ್ಟೆ. ಆ ಕೀವು, ಆ ಜ್ವರ ನನ್ನ ಲೆಕ್ಕಕ್ಕೆ. ನಾನು ಮಾಡಿದ್ದನ್ನು ನಾನು ಹೇಳಿದ್ದೇನೆ.

ಇನ್ನು ಔಷಧಿ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಕೀವಿನ ಹಕ್ಕಳೆಗಳನ್ನು ನೆನೆಸಿ ಮೆಲ್ಲಗೆ ತೆಗೆಯಿರಿ. ಎರಡು ದಿನ ಹೀಗೆ ಮಾಡಿ. ಜ್ವರ ಬಿಡದಿದ್ದರೆ ಕಡೂರಿಗೆ ಡಾಕ್ಟರ ಹತ್ತಿರ ಕರೆದೊಯ್ಯಿರಿ, ನನ್ನ ಕಾಗದಕ್ಕೆ ಕಾಯಬೇಡಿ. ಜ್ವರ ಬಿಟ್ಟ ಮೇಲೆ ಮುಲಾಮು. ಬಿಳಿ ದಾರ ಕಟ್ಟಿದ ಡಬ್ಬಿ ಮಗುವಿಗೆ, ಅದರಲ್ಲಿ ಗಂಧಕ ಕಡಿಮೆ. ಕಪ್ಪು ದಾರದ್ದು ದೊಡ್ಡವರಿಗೆ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಮೈ ಒರೆಸಿ, ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಬೆರಳಗಲ ಜಾಗವೂ ಬಿಡದೆ ಹಚ್ಚಬೇಕು. ಮೂರು ಸಂಜೆ. ಹುಳು ಸತ್ತ ಮೇಲೂ ಎರಡು ಮೂರು ವಾರ ನವೆ ಇರುತ್ತದೆ, ಹೆದರಬೇಡಿ.

ನವೆ ಇರಲಿ ಬಿಡಲಿ, ಮನೆಯವರೆಲ್ಲ ಅದೇ ದಿನ ಹಚ್ಚಿಕೊಳ್ಳಬೇಕು. ಬೆನ್ನು ತನ್ನ ಕೈಗೆ ಎಟುಕುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಹಚ್ಚಬೇಕು. ಪೂರ್ತಿ ಹಚ್ಚಿಕೊಳ್ಳದವರು ಮಗುವನ್ನು ಎತ್ತಕೂಡದು, ಮಡಿಲಲ್ಲಿ ಕೂರಿಸಿಕೊಳ್ಳಕೂಡದು. ಐಗಳೇ, ಈ ಒಂದು ಸಾಲನ್ನು ಎರಡು ಸಲ ಓದಿ.

ನೀಲಿಯ ತಾಯಿ
ಸುಲೋಚನಮ್ಮ


ದೇವನೂರು
8ನೇ ಡಿಸೆಂಬರ್ 1921

ಸುಲೋಚನಮ್ಮನವರಿಗೆ ಹೊನ್ನಯ್ಯನ ನಮಸ್ಕಾರ.

ಇದನ್ನು ಯಾರೂ ಹೇಳಿ ಬರೆಸುತ್ತಿಲ್ಲ. ನಾನೇ ಬರೆಯುತ್ತಿದ್ದೇನೆ.

ತಾವು ಹೇಳಿದಂತೆಯೇ ಓದಿದೆ. ಪಾಪಮ್ಮನವರು ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೊರಗಿ ಕುಳಿತಿದ್ದರು. ಈರಪ್ಪ ತೆಂಗಿನಕಾಯಿ ಸುಲಿಯುತ್ತಿದ್ದ. ಕರಿಸಿದ್ದಪ್ಪನೂ ತಮಾಷೆಗೆಂದು ಬಂದು ಕುಳಿತ. ತಮ್ಮ ಮಗಳ ಹೆಸರು ಬಂದ ಕೂಡಲೇ ಪಾಪಮ್ಮನವರು, ‘ಐಗ್ಳೆ, ಅದ್ಯಾಕೆ? ಔಷ್ಧಿದು ಓದಿ ಸಾಕು’ ಎಂದರು.

‘ಮೊದ್ಲಿಂದ ಓದ್ರಿ’ ಎಂದಳು ಕರಿಬಸಮ್ಮ.

‘ಲೇ, ಅದು ನಮ್ಮ ಮನೇದು, ನಿಂಗೇನು ಗೊತ್ತು?’

‘ಗೊತ್ತಿಲ್ಲ ಅಂತಾನೆ ಓದ್ರಿ ಅಂದೆ ಕಣತ್ತೆ.’

ಈರಪ್ಪ ಕಾಯಿ ಸುಲಿಯುವುದನ್ನು ನಿಲ್ಲಿಸಿದ. ತಮ್ಮ ಮಗಳು ಹೋದಾಗ ಅವನಿಗೆ ಹತ್ತೋ ಹನ್ನೊಂದೋ ವರ್ಷವಿದ್ದಿರಬೇಕು. ಓದು ಅರ್ಧಕ್ಕೆ ಬಂದಾಗ, ‘ಅವ್ವಾ, ಅವತ್ತು ತಿಪ್ಪೆ ಹಿಂದೆ ನೀನು ಮಡಕೆ ಚೆಲ್ತಿದ್ದೆ. ನಾನು ನೋಡ್ದೆ. ದನದ್ದು ಅಂದೆ ನೀನು’ ಎಂದ. ಅಷ್ಟೇ ಅಂದದ್ದು.

ಬಿಂದಿಗೆಯ ಮಾತು ಬಂದಾಗ ಕರಿಬಸಮ್ಮ ಎದ್ದು ಬಂದು ಅತ್ತೆಯ ಮುಂದೆ ಎರಡೂ ಕೈ ಚಾಚಿದಳು. ‘ಕೊಡ್ರಿ’ ಎಂದಳು. ಮಗು ಅಜ್ಜಿಯ ಸೆರಗು ಹಿಡಿದುಕೊಂಡಿತ್ತು. ಬೆರಳು ಬಿಡಿಸಿ ಎತ್ತಿಕೊಂಡಳು. ಕರಿಸಿದ್ದಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ನೆಲ ನೋಡುತ್ತ ಕುಳಿತ.

ಮೂವತ್ತು ವರ್ಷದಿಂದ ಈ ಊರಿನ ಕಾಗದ ಓದಿದ್ದೇನೆ. ಸಾವಿನ ಸುದ್ದಿಯನ್ನು ಎಷ್ಟೋ ಸಲ ಮೆತ್ತಗೆ ಮಾಡಿ ಓದಿದ್ದುಂಟು. ಇದನ್ನು ಮೆತ್ತಗೆ ಮಾಡಲಿಲ್ಲ. ತಾವು ಹೇಳಿದ ಆ ಸಾಲನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಿ ಎಂದು ಕರಿಬಸಮ್ಮ ಕೇಳಿದಳು.

ಮುಗಿದ ಮೇಲೆ ಪಾಪಮ್ಮನವರು ನನ್ನನ್ನೇ ನೋಡುತ್ತ, ‘ಆಯ್ತಾ? ಇನ್ನೇನೂ ಬರ್ದಿಲ್ವಾ?’ ಎಂದರು. ಇಲ್ಲವೆಂದೆ.

ಮಗುವಿನ ಜ್ವರ ಇಳಿದಿದೆ. ನಿನ್ನೆಯಿಂದ ಮುಲಾಮು ಹಚ್ಚುತ್ತಿದ್ದಾರೆ. ಈರಪ್ಪನಿಗೆ ಹೆಂಡತಿ, ಹೆಂಡತಿಗೆ ಈರಪ್ಪ. ಮನೆಗೆಲಸದ ದ್ಯಾಮಮ್ಮ ಪಾಪಮ್ಮನವರಿಗೆ ಹಚ್ಚಲೆಂದು ಡಬ್ಬಿಗೆ ಕೈ ಹಾಕಿದಳಂತೆ. ‘ಇಡು ಕೆಳಗೆ’ ಎಂದಳಂತೆ ಕರಿಬಸಮ್ಮ.

ತಮಗೆ ಇದು ತಿಳಿಯಬೇಕೆನ್ನಿಸಿತು.

ಹೊನ್ನಯ್ಯ


ದೇವನೂರು
20ನೇ ಜನವರಿ 1922

ಸುಲೋಚನಾ,

ಇವತ್ತು ಜಗ್ಲಿ ಮ್ಯಾಲಲ್ಲ. ಐಗಳ ಹಿತ್ಲಲ್ಲಿ ಕುಂತು ಬರೆಸ್ತಿದ್ದೀನಿ. ನಮ್ಮಿಬ್ರನ್ನ ಬಿಟ್ರೆ ಇಲ್ಲಿ ಅವರ ಎಮ್ಮೆ ಮಾತ್ರ ಐತೆ.

ಕೂಸು ವಾಸಿ ಆಗೈತೆ. ಓಡಾಡ್ತದೆ. ನಾನು ಕೊಟ್ಟಿಗೆ ಪಕ್ಕದ ಕೋಣೇಲಿದ್ದೀನಿ. ತಟ್ಟೆ ಹೊಸ್ತಿಲಿಗೆ ಬತ್ತದೆ. ಕೂಸು ಅಂಗಳದ ಆಚೆ ನಿಂತು ‘ಅಜ್ಜಿ ಕಜ್ಜಿ, ಅಜ್ಜಿ ಕಜ್ಜಿ’ ಅಂತ ಕುಣೀತದೆ. ಅದಕ್ಕೇನು ಗೊತ್ತು, ಪಾಪ. ಅದರ ನವೆಯೆಲ್ಲ ಈಗ ನನ್ನ ಮೈಗೆ ಬಂದೈತೆ. ಡಬ್ಬೀಲಿ ಮಿಕ್ಕಿದ್ದನ್ನ ಕೈಗೆ ಎಟುಕಿದ ಕಡೆ ನಾನೇ ಹಚ್ಕೊಂಡೆ. ಬೆನ್ನಿಗೆ ಕೈ ಹೋಗಾಕಿಲ್ಲ. ಬೆನ್ನಿಂದ ಹುಳ ತಿರುಗಾ ಎಲ್ಲಾ ಕಡೆ ಬತ್ತದೆ. ಕಂಬಕ್ಕೆ ಎಮ್ಮೆ ಉಜ್ಜಿದಂಗೆ ಉಜ್ಕೊಂತೀನಿ. ಸೊಸೆ ಕಿಟಕೀಲಿ ನಿಂತು ನೋಡ್ತಾಳೆ. ಈರಪ್ಪನ್ನ ಕೇಳ್ದೆ, ‘ಮಗ ತಾಯಿ ಬೆನ್ನಿಗೆ ಹಚ್ಚಬಾರ್ದೇನೋ?’ ಅಂತ. ‘ದನದ್ದು ಅಂದ್ಯಲ್ಲವ್ವ ಅವತ್ತು’ ಅಂದ, ಹೋದ.

ನೀನು ಗೆದ್ದೆ ಕಣೇ.

ನೀನು ಬರ್ದದ್ದೆಲ್ಲ ನಿಜ. ನಿಂಗೊತ್ತಿಲ್ಲದ್ದು ಎರಡೈತೆ. ಹೇಳ್ಬಿಡ್ತೀನಿ, ಇದನ್ನ ಇಟ್ಕೊಂಡು ನವೆಗಿಂತ ಹೆಚ್ಚು ಸಾಕಾಗೈತೆ.

ನೀರು. ಗಾಳಿ ಸೋಕಿದ ಕೂಸಿಗೆ ನೀರು ಹಾಕ್ಬಾರ್ದು ಅಂದೆನಲ್ಲ, ಅದು ಸುಳ್ಳು. ನೀರು ಹೊಯ್ದ್ರೆ ಕಂದು ಬಣ್ಣ ನಿನ್ನ ಕಣ್ಮುಂದೆ ಹರೀತಿತ್ತು, ನೀನು ಕಂಡುಹಿಡೀತಿದ್ದೆ. ಅದಕ್ಕೇ ಬಿಂದಿಗೆ ಕಿತ್ಕೊಂಡೆ. ನೀರಿಗೆ ಬದುಕ್ತದೆ ಅಂತ ನಂಗೊತ್ತಿರ್ಲಿಲ್ಲ. ಗೊತ್ತಿದ್ರೆ ಏನು ಮಾಡ್ತಿದ್ದೆ ಅಂತ ದಿನಾ ಕೇಳ್ಕೊಂತೀನಿ.

ಇನ್ನೊಂದು. ಉಣ್ಣೆ ಉದುರ್ಲಿ ಅಂತ ಬಟ್ಲಲ್ಲಿ ಹೊಗೆಸೊಪ್ಪಿನ ನೀರು ತಗೊಂಡು ನೀಲಿ ಹಿಂದೆ ಕುಂತು ಬೆನ್ನಿಗೆ ಬಳೀತಿದ್ದೆ. ಉರಿ ಅಂತ ಮಿಸುಕ್ತಿತ್ತು. ತಿರುಗಿ ‘ದೊಡ್ಡವ್ವ, ಬಟ್ಲಲ್ಲೇನೈತೆ?’ ಅಂತು. ಸುಮ್ಕಿರ್ಲಿ ಅಂತ ‘ಜೇನುತುಪ್ಪ ಕಣೇ’ ಅಂದೆ. ಬಣ್ಣಾನೂ ಹಂಗೇ ಇತ್ತು. ನಾನು ಕಾಲಿಗೆ ಬಳೀತಾ ಬಗ್ಗಿದ್ದೆ. ತಲೆ ಎತ್ತಿ ನೋಡ್ದಾಗ ತೋಳು ನೆಕ್ತಿತ್ತು.

(ಇಲ್ಲಿ ನಿಲ್ಲಿಸಿ, ‘ಬರ್ದ್ರಾ?’ ಎಂದರು. ಬರೆದೆ ಎಂದೆ.)

ಇಷ್ಟೇ ಕಣೇ. ಕ್ಷಮಿಸು ಅಂತ ಕೇಳಾಕೆ ಬಾಯಿ ಬರಾಕಿಲ್ಲ. ಬೆನ್ನು ಉರೀತದೆ. ಏನು ಮಾಡ್ಲಿ ಹೇಳು.

ಹೇಳಿದವರು: ಪಾಪಮ್ಮ
ಬರೆದವನು: ಹೊನ್ನಯ್ಯ


ಅಜ್ಜಂಪುರ
2ನೇ ಫೆಬ್ರವರಿ 1922

ಅಕ್ಕ,

ನಿಮ್ಮ ಕಾಗದವನ್ನು ನನಗೆ ಓದಿ ಹೇಳುವವರಿಲ್ಲ. ನಾನೇ ಓದಬೇಕಾಯಿತು. ಪೂರ್ತಿ ಓದಲು ನಾಲ್ಕು ದಿನ ಹಿಡಿಯಿತು.

ಕೊನೆಯ ಭಾಗ ಓದಿದ ದಿನ ಒಂದು ಬಾಣಂತಿಯ ಮನೆಗೆ ಹೋಗಿದ್ದೆ. ಆಗ ತಾನೇ ಹುಟ್ಟಿದ ಹೆಣ್ಣುಮಗು. ಅಜ್ಜಿ ಕಿರುಬೆರಳನ್ನು ಬಟ್ಟಲಿಗೆ ಅದ್ದಿ ಅದರ ನಾಲಿಗೆಗೆ ಜೇನು ತಾಗಿಸಿದಳು. ಮಗು ಚಪ್ಪರಿಸಿತು, ಎಲ್ಲರೂ ನಕ್ಕರು. ನಾನು ಎದ್ದು ಹೊರಗೆ ಬಂದು ಬೇಲಿ ಹಿಡಿದು ನಿಂತೆ. ಇಂಥ ಮನೆಗಳಿಗೆ ಹೋಗುವುದೇ ನನ್ನ ಕೆಲಸ. ಇನ್ನು ಮುಂದೆ ಪ್ರತಿ ಮನೆಯಲ್ಲೂ ಆ ಬಟ್ಟಲಿರುತ್ತದೆ.

ನೀವು ಕೇಳದ ಒಂದು ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಹಚ್ಚಿಕೊಳ್ಳದವರು ಮಗುವನ್ನು ಮುಟ್ಟಕೂಡದು ಎಂದು ಬರೆದೆನಲ್ಲ, ಅದು ಔಷಧಿಯ ನಿಯಮ, ಅದರಲ್ಲಿ ಸುಳ್ಳಿಲ್ಲ. ನಿಮ್ಮ ಬೆನ್ನಿಗೆ ಹಚ್ಚುವ ಕೈ ಆ ಮನೆಯಲ್ಲಿ ಇರುವುದಿಲ್ಲವೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಎರಡು ಸಲ ಓದಿಸಿದೆ. ಮಡಿಲಿನಿಂದ ಮಗುವನ್ನು ಕಿತ್ತುಕೊಂಡರೆ ಹೇಗಿರುತ್ತದೆ, ಮನೆಯವರೆಲ್ಲ ಬೆರಳು ತೋರಿಸಿದರೆ ಹೇಗಿರುತ್ತದೆ ಎಂದು ನಿಮಗೆ ತಿಳಿಯಬೇಕಿತ್ತು. ಐಗಳ ಕಾಗದ ಬಂದ ದಿನ ಹೊಟ್ಟೆ ತುಂಬ ಉಂಡೆ. ಸಾಕೆನ್ನಿಸಿತ್ತು. ನಿಮ್ಮ ಕಾಗದ ಬಂದ ಮೇಲೆ ಸಾಲದೆನ್ನಿಸುತ್ತಿದೆ.

ಏನು ಮಾಡಲಿ ಎಂದು ಕೇಳಿದ್ದೀರಿ. ಇಲ್ಲಿಗೆ ಬನ್ನಿ. ನಿಮ್ಮ ಬೆನ್ನಿಗೆ ನಾನು ಹಚ್ಚುತ್ತೇನೆ.

ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂರಿಸುತ್ತೇನೆ. ನಾನು ನಿಮ್ಮ ಹಿಂದೆ ಕೂರುತ್ತೇನೆ. ಬಟ್ಟಲು ನನ್ನ ಕೈಯಲ್ಲಿರುತ್ತದೆ. ತಿರುಗಿ ನೋಡಕೂಡದು. ಮೊದಲ ಸಲ ಬೆರಳು ತಾಗಿದಾಗ, ಬಟ್ಟಲಲ್ಲಿ ಏನಿದೆಯೆಂದು ನೀವು ಕೇಳಬೇಕು. ಅವಳು ಕೇಳಿದ ಹಾಗೆಯೇ ಕೇಳಬೇಕು. ಜೇನುತುಪ್ಪ ಎನ್ನುತ್ತೇನೆ. ಆಮೇಲೆ ನೀವು ಮಿಸುಕಾಡದೆ ಕುಳಿತಿರಬೇಕು.

ಬಟ್ಟಲಲ್ಲಿ ಇರುವುದು ಗಂಧಕದ ಮುಲಾಮೇ ಎಂದು ಈ ಕಾಗದದಲ್ಲಿ ನಾನು ಬರೆಯುವುದಿಲ್ಲ.

ಸುಲೋಚನಮ್ಮ


ದೇವನೂರು
9ನೇ ಫೆಬ್ರವರಿ 1922

ಸುಲೋಚನಾ,

ಬರೋ ಸೋಮವಾರ ಬತ್ತೀನಿ. ಐಗಳು ಕಡೂರಿನ ತನಕ ಗಾಡೀಲಿ ಬಂದು ರೈಲು ಹತ್ತಿಸ್ತಾರೆ. ಅಜ್ಜಂಪುರದಾಗೆ ಇಳ್ಕೊಂಡು ನಿನ್ನ ಮನೆ ಕೇಳ್ಕೊಂಡು ಬತ್ತೀನಿ. ಯಾರ್ನೂ ಸ್ಟೇಷನ್ನಿಗೆ ಕಳಿಸ್ಬ್ಯಾಡ. ಹೊಳ್ಳಿ ಬರೋದು ಯಾವಾಗ ಅಂತ ಈರಪ್ಪ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹೊರಡೋ ಮುಂಚೆ ಕೂಸನ್ನ ದೂರದಿಂದ್ಲೇ ತೋರ್ಸು ಅಂತ ಸೊಸೇನ ಕೇಳಿದ್ದೀನಿ.

ನೀಲಿ ಕೇಳಿದಂಗೇ ಕೇಳ್ತೀನಿ. ನೀನು ಜೇನು ಅನ್ನು. ನಾನು ಕುಂತಿರ್ತೀನಿ.

ಪಕ್ಕದಾಗೆ ಒಂದು ಬಿಂದಿಗೆ ನೀರು ಇಟ್ಕೊಂಡಿರ್ತೀಯಾ ಅಂತ ಕೇಳ್ಬೇಕು ಅನ್ನಿಸ್ತು. ಕೇಳಾಕಿಲ್ಲ.

ಹೇಳಿದವರು: ಪಾಪಮ್ಮ
ಬರೆದವನು: ಹೊನ್ನಯ್ಯ